ಹೋಗಿ ತಿನ್ನೋಕೆ ಫಿಲಡೆಲ್ಫಿಯಾಕ್ಕೆ ಹೋಗಬೇಕಿಲ್ಲ

ಭಾನುವಾರ ಅಮ್ಮ ಫೋನ್ ಮಾಡಿದ್ದಳು. ಅಲ್ಲಿ ರಾತ್ರಿ ಹತ್ತು, ನನಗಿಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಮಧ್ಯಾಹ್ನ ಹನ್ನೆರಡೂವರೆ. ‘ಊಟಕ್ಕೆ ಏನೋ ಮಾಡಿದೆ?’ ಅಂದಳು. ‘ಹೋಗಿ’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೋಗಿ... ಎಲ್ಲಿಗೆ ಹೋಗಿ?’ ಅಂತ ಕೇಳಿದಳು. ನಾನು ಮಾತು ಮುಗಿಸಲಿ ಅಂತ ಕಾಯುತ್ತಿದ್ದಳು ಪಾಪ.

ಒಂದಡಿ ಉದ್ದದ ಬ್ರೆಡ್ ರೋಲನ್ನು ಉದ್ದಕ್ಕೆ ಸೀಳಿ, ಒಳಗೆ ಮೂರ್ನಾಲ್ಕು ಬಗೆಯ ಇಟಾಲಿಯನ್ ಮಾಂಸ, ಪ್ರೊವೊಲೋನ್ ಚೀಸ್, ಟೊಮ್ಯಾಟೊ, ಈರುಳ್ಳಿ, ಸಣ್ಣಗೆ ಹೆಚ್ಚಿದ ಲೆಟಸ್ ತುಂಬಿ, ಮೇಲೆ ಎಣ್ಣೆ, ವಿನೆಗರ್, ಒರೆಗಾನೊ ಹಾಕಿದರೆ ಅದು ಇಟಾಲಿಯನ್ ಹೋಗಿ. ಫಿಲಡೆಲ್ಫಿಯಾದ ತಿಂಡಿ. 1992ರಲ್ಲಿ ಅಲ್ಲಿನ ಮೇಯರ್ ಎಡ್ ರೆಂಡೆಲ್ ಇದನ್ನು ನಗರದ ಅಧಿಕೃತ ಸ್ಯಾಂಡ್‌ವಿಚ್ ಅಂತ ಸಾರಿದರು. ಹೊರಗಿನವರಿಗೆ ಆ ಊರು ಅಂದರೆ ಚೀಸ್‌ಸ್ಟೇಕ್, ಅಂದರೆ ತೆಳ್ಳಗಿನ ದನದ ಮಾಂಸ, ಚೀಸ್ ತುಂಬಿದ ಬಿಸಿ ರೋಲ್. ನಾನು ಆರು ವರ್ಷ ಡೆಲವೇರ್ ನದಿಯ ಆಚೆ ದಡದಲ್ಲಿ, ಸೌತ್ ಜೆರ್ಸಿಯಲ್ಲಿದ್ದೆ. ನಾನು ಕಂಡಂತೆ ಅಲ್ಲಿಯವರು ಆಫೀಸಿಗೆ, ಮ್ಯಾಚಿಗೆ, ಬೀಚಿಗೆ ಕಟ್ಟಿಸಿಕೊಂಡು ಹೋಗುತ್ತಿದ್ದದ್ದು ಹೋಗಿಯನ್ನೇ.

ಪಡ್ಡುವಿಗೆ ಒಂದೂರಲ್ಲಿ ಗುಂಡ್ಪಂಗ್ಲ, ಇನ್ನೊಂದೂರಲ್ಲಿ ಗುಳಿಯಪ್ಪ ಅಂತಾರಲ್ಲ, ಇದರ ಕತೆಯೂ ಹಾಗೇ. ನ್ಯೂಯಾರ್ಕಿನಲ್ಲಿ ಹೀರೋ, ನ್ಯೂ ಇಂಗ್ಲೆಂಡಿನ ಹಲವು ಕಡೆ ಗ್ರೈಂಡರ್, ಮೇನ್ ರಾಜ್ಯದಲ್ಲಿ ಬರೀ ಇಟಾಲಿಯನ್, ದೇಶದ ಉಳಿದ ಕಡೆ ಸಬ್. ಹೋಗಿ ಅನ್ನೋ ಹೆಸರು ಎಲ್ಲಿಂದ ಬಂತು ಅಂತ ಕೇಳಿದರೆ ಊರಿನವರು ಮೊದಲು ಹೇಳೋದು ಹಾಗ್ ಐಲ್ಯಾಂಡ್ ಕತೆ. ಮೊದಲ ಮಹಾಯುದ್ಧದ ಹೊತ್ತಿಗೆ ಅಲ್ಲಿ 50 ಹಡಗುಗಳನ್ನು ಒಟ್ಟಿಗೆ ಕಟ್ಟಬಲ್ಲ ದೊಡ್ಡ ಶಿಪ್‌ಯಾರ್ಡ್ ಇತ್ತು. ಈಗ ಆ ಜಾಗದಲ್ಲಿ ವಿಮಾನ ನಿಲ್ದಾಣವಿದೆ. ಅಲ್ಲಿನ ಇಟಾಲಿಯನ್ ಕೆಲಸಗಾರರು ಕಟ್ಟಿಕೊಂಡು ಬರುತ್ತಿದ್ದ ಬುತ್ತಿಯೇ ಇದು, ‘ಹಾಗಿ’ ಹೋಗಿ ‘ಹೋಗಿ’ ಆಯಿತು ಅಂತ ಕತೆ. ಚೆನ್ನಾಗಿದೆ. ಆದರೆ ಆ ಯಾರ್ಡ್ 1921ರಲ್ಲೇ ಮುಚ್ಚಿತು, ಈ ಪದ ಅಚ್ಚಿನಲ್ಲಿ ಕಾಣಿಸೋದು ಸುಮಾರು 1940ರ ಆಸುಪಾಸಿನಿಂದ. ನಡುವಿನ ಇಪ್ಪತ್ತು ವರ್ಷ ಹೆಸರು ಎಲ್ಲಿ ಅಡಗಿತ್ತು? ಇನ್ನೊಂದು ಕತೆಯಲ್ಲಿ ಅಲ್ ಡಿ ಪಾಲ್ಮಾ ಅನ್ನೋ ಜಾಝ್ ವಾದಕ ಬರುತ್ತಾನೆ. ಇಷ್ಟು ದೊಡ್ಡದನ್ನು ತಿನ್ನೋಕೆ ಹಂದಿಯೇ (ಇಂಗ್ಲಿಷಿನಲ್ಲಿ ‘ಹಾಗ್’) ಆಗಬೇಕು ಅಂತ ಅವನಿಗೆ ಅನ್ನಿಸಿತಂತೆ. ಮುಂದೆ 1930ರ ದಶಕದ ಕಷ್ಟಕಾಲದಲ್ಲಿ ತಾನೇ ಸ್ಯಾಂಡ್‌ವಿಚ್ ಅಂಗಡಿ ತೆರೆದು ಆ ಹೆಸರನ್ನೇ ಇಟ್ಟನಂತೆ. ನನಗೆ ಈ ಎರಡನೆಯದೇ ನಂಬುವ ಹಾಗೆ ಕಾಣುತ್ತದೆ.

ಇಲ್ಲಿಗೆ ಬಂದ ಮೇಲೆ ಮನೆಯಲ್ಲಿ ಮೊದಲ ಸಲ ಮಾಡಿದಾಗ ದುಬಾರಿ ಪ್ರೊಶುಟ್ಟೊ (ಉಪ್ಪು ಹಚ್ಚಿ ಒಣಗಿಸಿದ ಹಂದಿ ತೊಡೆಯ ಮಾಂಸ) ತಂದಿದ್ದೆ. ಒಳ್ಳೆಯ ಆಲಿವ್ ಎಣ್ಣೆ ಧಾರಾಳವಾಗಿ ಸುರಿದಿದ್ದೆ. ತಟ್ಟೆಗೆ ಬರೋ ಹೊತ್ತಿಗೆ ಬ್ರೆಡ್ಡಿನ ತಳ ನೆನೆದ ರಸ್ಕ್ ಥರ ಆಗಿತ್ತು. ಮೊದಲ ಕಚ್ಚಿಗೆ ಟೊಮ್ಯಾಟೊ ಆ ಕಡೆಯಿಂದ ಜಾರಿ ಮಡಿಲಿಗೆ ಬಿತ್ತು. ಪ್ರೊಶುಟ್ಟೊ ಹರಿಯದೆ, ಇಡೀ ಪದರ ಹಲ್ಲಿಗೆ ಸಿಕ್ಕಿ ಈಚೆ ಬಂತು. ಸಾಮಾನು ಚೆನ್ನಾಗಿಯೇ ಇತ್ತು. ನನಗೆ ಗೊತ್ತಿಲ್ಲದೆ ಇದ್ದದ್ದು ನೀರಿನ ಲೆಕ್ಕ. ಯಾವುದು ನೀರು ಬಿಡುತ್ತದೆ, ಯಾವುದು ಹೀರುತ್ತದೆ, ಎರಡರ ನಡುವೆ ಯಾವುದನ್ನು ಅಡ್ಡ ಇಡಬೇಕು ಅನ್ನೋದು ತಿಳಿದರೆ ಪಕ್ಕದ ಸೂಪರ್‌ಮಾರ್ಕೆಟ್ಟಿನ ಸಾಮಾನಿನಲ್ಲೇ ಒಳ್ಳೆಯ ಹೋಗಿ ಆಗುತ್ತದೆ.

ಬ್ರೆಡ್ಡಿನಿಂದ ಶುರು ಮಾಡೋಣ, ಸೂಪರ್‌ಮಾರ್ಕೆಟ್ಟಿನಲ್ಲಿ ಕೈಕೊಡೋದು ಅದೇ. ಫಿಲಡೆಲ್ಫಿಯಾದ ಒಳ್ಳೆಯ ಅಂಗಡಿಗಳಿಗೆ ಸಾರ್ಕೋನ್ಸ್, ಲಿಶಿಯೋಸ್‌ನಂಥ ಬೇಕರಿಗಳ ರೋಲ್ ಸಿಗುತ್ತದೆ. ಹೊರಪದರ ತೆಳ್ಳಗೆ ಗರಿಗರಿ, ಒಳಗೆ ಮೆತ್ತಗೆ, ಎಳೆದರೆ ಸ್ವಲ್ಪ ಜಗ್ಗುತ್ತದೆ. ಮೇಲೆ ಎಳ್ಳಿದ್ದರೆ ಇನ್ನೂ ಚೆನ್ನ. ಪ್ಲಾಸ್ಟಿಕ್ ಚೀಲದಲ್ಲಿ ಬರುವ ಸಬ್ ರೋಲ್ ಹಾಗಲ್ಲ, ಹತ್ತಿಯಂತೆ ಇರುತ್ತದೆ. ಎಣ್ಣೆ ತಾಗಿದ ಕೂಡಲೇ ಮುದ್ದೆ. ಬಾಗೆಟ್ ತಂದರೆ ಉಲ್ಟಾ ಕಷ್ಟ. ಅದರ ಹೊರಪದರ ಎಷ್ಟು ಗಟ್ಟಿ ಅಂದರೆ ಕಚ್ಚಲು ಒತ್ತಿದಾಗ ಒಳಗಿನದೆಲ್ಲ ಹಿಂದಿನಿಂದ ಹೊರಗೆ ಬರುತ್ತದೆ. ಇವೆರಡರ ನಡುವಿನದು ಬೇಕು. ಅಂಗಡಿಯೊಳಗಿನ ಬೇಕರಿಯಲ್ಲಿ ಕಾಗದದ ಚೀಲಕ್ಕೆ ಹಾಕಿಟ್ಟ ಇಟಾಲಿಯನ್ ಅಥವಾ ಫ್ರೆಂಚ್ ಲೋಫ್ ನೋಡಿ. ಮೆಕ್ಸಿಕನ್ ಜನ ಜಾಸ್ತಿ ಇರುವ ಕಡೆ ಬೊಲಿಯೋ ರೋಲ್ ಸಿಗುತ್ತದೆ. ಚಿಕ್ಕದು, ಆದರೆ ಸ್ವಭಾವದಲ್ಲಿ ಹತ್ತಿರದ ನೆಂಟ.

ನಿನ್ನೆಯ ಬ್ರೆಡ್ಡಾದರೂ ಪರವಾಗಿಲ್ಲ, ಅದಕ್ಕೆ ಉಪಾಯವಿದೆ. ಬ್ರೆಡ್ ಹಳಸಲಾಗೋದು ಬರೀ ಒಣಗಿದ್ದರಿಂದ ಅಲ್ಲ. ಬೇಯುವಾಗ ನೀರು ಕುಡಿದು ಸಡಿಲಾಗಿದ್ದ ಪಿಷ್ಟದ ಕಣಗಳು ಆರುತ್ತಾ ಮತ್ತೆ ಸಾಲುಗಟ್ಟಿ ಬಿಗಿಯಾಗುತ್ತವೆ. ಫ್ರಿಜ್ಜಿನ ತಂಪಿನಲ್ಲಿ ಈ ಕೆಲಸ ಇನ್ನೂ ಬೇಗ ಆಗುತ್ತದೆ. ಹಾಗಾಗಿ ಬ್ರೆಡ್ಡನ್ನು ಫ್ರಿಜ್ಜಿಗೆ ಇಡಬೇಡಿ, ಇಡೋದಾದರೆ ಫ್ರೀಜರ್‌ಗೆ ಇಡಿ. 60 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿಯಾದರೆ ಆ ಬಿಗಿ ಮತ್ತೆ ಬಿಡುತ್ತದೆ. ಕೈ ಒದ್ದೆ ಮಾಡಿಕೊಂಡು ರೋಲಿನ ಮೈಗೆಲ್ಲ ಸವರಿ, 180 ಡಿಗ್ರಿ ಓವನ್‌ನಲ್ಲಿ (ಅಮೆರಿಕದ ಓವನ್‌ನಲ್ಲಿ 350 ಫ್ಯಾರನ್‌ಹೀಟ್) ಐದಾರು ನಿಮಿಷ ಇಡಿ. ಒಳಗೆ ಮೆತ್ತಗಾಗುತ್ತದೆ, ಹೊರಗಿನ ನೀರು ಆವಿಯಾಗಿ ಪದರ ಗರಿಗರಿಯಾಗುತ್ತದೆ. ಆಮೇಲೆ ಪೂರ್ತಿ ಆರಬೇಕು. ಬಿಸಿ ಇರುವಾಗಲೇ ತುಂಬಿದರೆ ಉಗಿಗೆ ಲೆಟಸ್ ಬಾಡುತ್ತದೆ, ಚೀಸ್ ಬೆವರುತ್ತದೆ. ಸೀಳುವಾಗ ಒಂದು ಬದಿ ಅಂಟಿಕೊಂಡೇ ಇರಲಿ, ಪುಸ್ತಕದ ಬೆನ್ನಿನ ಹಾಗೆ. ಎರಡು ತುಂಡಾದರೆ ಹಿಡಿಯೋದು ಕಷ್ಟ.

ಇನ್ನು ಮಾಂಸ, ಚೀಸ್ ಕತ್ತರಿಸಿ ಕೊಡುವ ಡೆಲಿ ಕೌಂಟರ್. ಟೋಕನ್ ತಗೊಂಡು ನಿಂತರೆ ಗಾಜಿನ ಹಿಂದೆ ಹತ್ತಾರು ಹೆಸರು. ಹೊಸಬರಿಗೆ ಗಾಬರಿಯಾಗುತ್ತದೆ, ನನಗೂ ಆಗಿತ್ತು. ರುಚಿಯ ಕೆಲಸ ನೋಡಿ ಹಂಚಿಕೊಂಡರೆ ಸುಲಭ. ಹುಳಿಯದೊಂದು, ಖಾರದ್ದೊಂದು, ಸಪ್ಪೆಯಾಗಿ ಮೆತ್ತಗಿರುವುದೊಂದು. ಮೂರು ಸಾಕು.

ಹುಳಿಗೆ ಜೆನೋವಾ ಸಲಾಮಿ. ಹಂದಿ ಮಾಂಸವನ್ನು ಅರೆದು, ಬೆಳ್ಳುಳ್ಳಿ ಮೆಣಸು ಬೆರೆಸಿ, ಹುಳಿ ಬರಿಸಿ ಒಣಗಿಸಿದ್ದು. ಹುಳಿ ಬರಿಸೋದು ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ, ಮೊಸರು ಇಡ್ಲಿ ಹಿಟ್ಟುಗಳಲ್ಲಿ ಕೆಲಸ ಮಾಡುವ ಬಳಗವೇ. ಇಡೀ ಹೋಗಿಗೆ ಕಂಪು ಕೊಡೋದು ಇದು. ಖಾರಕ್ಕೆ ಕ್ಯಾಪಿಕೋಲಾ, ಹಂದಿಯ ಕತ್ತು-ಭುಜದ ಭಾಗ, ಮೈಗೆ ಕೆಂಪು ಮೆಣಸಿನ ಪುಡಿ ಬಳಿದದ್ದು. ಸೂಪರ್‌ಮಾರ್ಕೆಟ್ಟಿನಲ್ಲಿ ಹೆಚ್ಚಾಗಿ ಸಿಗೋದು ಬೇಯಿಸಿದ ಬಗೆ. ತೊಂದರೆಯಿಲ್ಲ. ಫಿಲಡೆಲ್ಫಿಯಾದ ಹಳಬರು ಇದನ್ನು ‘ಗಾಬಗೂಲ್’ ಅನ್ನುತ್ತಾರೆ. ನಾನು ಮೊದಮೊದಲು ಅದು ಬೇರೆ ಮಾಂಸ ಅಂದುಕೊಂಡಿದ್ದೆ. ಅಮೆರಿಕಕ್ಕೆ ಬಂದ ಇಟಾಲಿಯನ್ನರಲ್ಲಿ ಹೆಚ್ಚಿನವರು ದಕ್ಷಿಣ ಇಟಲಿಯವರು. ಅವರ ಆಡುಮಾತಿನಲ್ಲಿ ಕೊನೆಯ ಸ್ವರ ನುಂಗಿಹೋಗುತ್ತದೆ, ‘ಕ’ ‘ಗ’ ಆಗುತ್ತದೆ, ‘ಪ’ ‘ಬ’ ಆಗುತ್ತದೆ. ಪ್ರೊಶುಟ್ಟೊ ‘ಪ್ರಶೂಟ್’ ಆದದ್ದೂ ಹಾಗೇ. ಇನ್ನು ಮೆತ್ತಗಿನದಕ್ಕೆ ಮಾರ್ಟಡೆಲ್ಲಾ. ಬೊಲೋನ್ಯಾ ಊರಿನದು, ನುಣ್ಣಗೆ ಅರೆದು ಬೇಯಿಸಿದ್ದು, ನಡುವೆ ಬಿಳಿ ಕೊಬ್ಬಿನ ಚೌಕಗಳು ಕಾಣುತ್ತವೆ. ಸಿಗದಿದ್ದರೆ ಮಾಮೂಲಿ ಬೇಯಿಸಿದ ಹ್ಯಾಮ್. ಪ್ರೊಶುಟ್ಟೊ ಕೈಬಿಡಿ ಅಂತಲೇ ನನ್ನ ಮಾತು. ಅದರ ನವಿರು ರುಚಿ ವಿನೆಗರ್, ಈರುಳ್ಳಿಯ ನಡುವೆ ಕಳೆದುಹೋಗುತ್ತದೆ, ಹಲ್ಲಿಗೆ ಎಳೆತ ಬೇರೆ. ಕರಬೂಜದ ಜೊತೆ ತಿನ್ನಿ, ಕೊಟ್ಟ ದುಡ್ಡಿಗೆ ನ್ಯಾಯ ಸಿಗುತ್ತದೆ.

ಮೂರೂ ಮಾಂಸ ತಲಾ ಕಾಲು ಪೌಂಡ್, ಪ್ರೊವೊಲೋನ್ ಕಾಲು ಪೌಂಡ್ ಕೇಳಿ. ಕಾಲು ಪೌಂಡ್ ಅಂದರೆ 113 ಗ್ರಾಂ. ಅಷ್ಟರಲ್ಲಿ ಒಂದಡಿಯ ಎರಡು ಹೋಗಿ ಆಗುತ್ತದೆ. ಒಂದೊಂದರಲ್ಲೂ ಸುಮಾರು 170 ಗ್ರಾಂ ಮಾಂಸ. ಹೊಟ್ಟೆ ನೋಡಿಕೊಂಡರೆ ನಾಲ್ಕು ಜನಕ್ಕೂ ಸಾಕು.

ಎಷ್ಟು ಅನ್ನೋದಕ್ಕಿಂತ ಎಷ್ಟು ತೆಳ್ಳಗೆ ಅನ್ನೋದು ಮುಖ್ಯ. ಮಿಷನ್‌ನಲ್ಲಿ ಕತ್ತರಿಸುವವರು ಮೊದಲ ಹೋಳು ಕೈಯಲ್ಲಿ ಹಿಡಿದು ‘ಇಷ್ಟು ಸಾಕಾ?’ ಅನ್ನೋ ಥರ ತೋರಿಸುತ್ತಾರೆ. ನಾಚಿಕೆಯಿಂದ ತಲೆಯಾಡಿಸಬೇಡಿ. ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣೋ ಹಾಗಿರಬೇಕು, ಆದರೆ ಚೂರಾಗಬಾರದು. ದಪ್ಪ ಹೋಳಾದರೆ ಮಾಂಸ ಒಂದು ಹಲಗೆ ಥರ ಕೂರುತ್ತದೆ, ಹಲ್ಲು ಅದನ್ನು ಜಗಿಯಬೇಕು. ತೆಳ್ಳಗಿದ್ದರೆ ಅಷ್ಟೇ ತೂಕಕ್ಕೆ ನಾಲಿಗೆಗೆ ತಾಗುವ ಮೈ ಜಾಸ್ತಿ, ಕೊಬ್ಬು ಬಾಯಿಯ ಶಾಖಕ್ಕೇ ಮೆತ್ತಗಾಗುತ್ತದೆ, ಉಪ್ಪು ಹುಳಿ ಬೇಗ ತಿಳಿಯುತ್ತದೆ. ಹಾಗಂತ ಫ್ರಿಜ್ಜಿನಿಂದ ತೆಗೆದ ತಕ್ಷಣ ಕಟ್ಟಬೇಡಿ, ತಣ್ಣಗಿನ ಕೊಬ್ಬು ಮೇಣದಂತೆ ಇರುತ್ತದೆ. ಹದಿನೈದು ನಿಮಿಷ ಹೊರಗಿಟ್ಟರೆ ಸಾಕು. ಪ್ಯಾಕೆಟ್ಟಿನಲ್ಲಿ ಬರುವ ರೆಡಿ ಹೋಳುಗಳೂ ನಡೆಯುತ್ತವೆ, ಒಂದೊಂದಾಗಿ ಬಿಡಿಸಿಕೊಳ್ಳೋ ತಾಳ್ಮೆ ಇದ್ದರೆ.

ಚೀಸ್ ಪ್ರೊವೊಲೋನ್ ಆಗಿರಲಿ. ಎಳೆಯದಕ್ಕೆ ಡೋಲ್ಚೆ ಅಂತಾರೆ, ಹಾಲಿನಂಥ ಸೌಮ್ಯ ರುಚಿ. ಹೆಚ್ಚು ತಿಂಗಳು ಹಣ್ಣಾಗಿಸಿದ್ದು ಪಿಕಾಂತೆ, ಅಮೆರಿಕದಲ್ಲಿ ‘ಶಾರ್ಪ್’. ಅದಕ್ಕೆ ಮೂಗಿಗೆ ಹೊಡೆಯುವ ಒಂದು ಖಾರವಾಸನೆ ಇರುತ್ತದೆ. ನಾನು ಹೇಳೋದು ಶಾರ್ಪ್. ಆದರೆ ಮನೆಯಲ್ಲಿ ಮಕ್ಕಳು ಮೂಗು ಮುರಿದರೆ ಎಳೆಯದೇ ತನ್ನಿ.

ಈಗ ನೀರಿನ ಮುಖ್ಯ ಕಳ್ಳ, ಟೊಮ್ಯಾಟೊ. ಕೋಸಂಬರಿಗೆ ಉಪ್ಪನ್ನು ಬಡಿಸೋ ಹೊತ್ತಿಗೆ ಹಾಕು ಅಂತ ನಮ್ಮ ಮನೆಗಳಲ್ಲಿ ಹೇಳ್ತಾರಲ್ವಾ, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ ಅಂತ. ಇಲ್ಲಿ ಅದೇ ಗುಣವನ್ನು ತಿರುಗಿಸಿ ಬಳಸಬೇಕು. ಟೊಮ್ಯಾಟೊವನ್ನು ತೆಳ್ಳಗೆ ಬಿಲ್ಲೆ ಮಾಡಿ, ಪೇಪರ್ ಟವೆಲ್ ಮೇಲೆ ಹರಡಿ, ಉಪ್ಪು ಉದುರಿಸಿ ಹತ್ತು ನಿಮಿಷ ಬಿಡಿ. ಉಪ್ಪು ಒಳಗಿನ ನೀರನ್ನು ಹೊರಗೆಳೆಯುತ್ತದೆ. ಒತ್ತಿ ಒರೆಸಿದರೆ ನೀರು ಬ್ರೆಡ್ಡಿಗೆ ಹೋಗುವ ಮೊದಲೇ ಟವೆಲ್ಲಿಗೆ ಹೋಯಿತು, ರುಚಿಯೂ ಗಟ್ಟಿಯಾಯಿತು. ಚಳಿಗಾಲದ ಸಪ್ಪೆ ಟೊಮ್ಯಾಟೊಗೆ ಇದು ಬೇಕೇ ಬೇಕು. ಈರುಳ್ಳಿಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ ತಣ್ಣೀರಿನಲ್ಲಿ ಹತ್ತು ನಿಮಿಷ ಹಾಕಿ. ಹೆಚ್ಚಿದಾಗ ಹುಟ್ಟುವ ಗಂಧಕದ ಘಾಟು ನೀರಿನಲ್ಲಿ ತೊಳೆದುಹೋಗುತ್ತದೆ. ಹಿಂಡಿ ಒರೆಸಿ. ಲೆಟಸ್ ಐಸ್‌ಬರ್ಗ್ ಸಾಕು, ಎಲೆಕೋಸಿನ ಪಲ್ಯಕ್ಕೆ ಹೆಚ್ಚಿದ ಹಾಗೆ ಸಣ್ಣಗೆ. ತೊಳೆದಿದ್ದರೆ ಪೂರ್ತಿ ಒಣಗಿಸಿ. ಒದ್ದೆ ಎಲೆಗೆ ಎಣ್ಣೆ ಹಿಡಿಯೋದಿಲ್ಲ, ಜಾರಿ ತಳಕ್ಕೆ ಇಳಿಯುತ್ತದೆ.

ಎರಡು ಹೋಗಿಗೆ ನಾಲ್ಕು ಚಮಚ ಎಣ್ಣೆ, ಎರಡು ಚಮಚ ರೆಡ್ ವೈನ್ ವಿನೆಗರ್. ಚಮಚ ಅಂದರೆ 15 ಮಿಲಿಯ ದೊಡ್ಡದು. ತೀರಾ ಕಹಿಯಾದ ಎಕ್ಸ್‌ಟ್ರಾ ವರ್ಜಿನ್ ಬೇಡ, ಸೌಮ್ಯವಾದ ಆಲಿವ್ ಎಣ್ಣೆ ಇರಲಿ. ಒಣ ಒರೆಗಾನೊ ಒಂದು ಟೀ ಚಮಚ, ಅಂಗೈಗಳ ನಡುವೆ ಉಜ್ಜಿ ಹಾಕಿ. ಒರೆಗಾನೊ ಮೂಸಿದಾಗ ದೊಡ್ಡಪತ್ರೆಯ ನೆನಪು ಬಂದರೆ ಅದು ಭ್ರಮೆಯಲ್ಲ. ಎರಡರಲ್ಲೂ ಕಾರ್ವಕ್ರಾಲ್, ಥೈಮಾಲ್ ಅನ್ನೋ ಪರಿಮಳದ ಎಣ್ಣೆಗಳಿವೆ. ಓಂಕಾಳಿನ ಘಮವೂ ಥೈಮಾಲ್‌ನದೇ. ಇವು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬೆರೆಯುತ್ತವೆ. ಒಗ್ಗರಣೆಯ ಘಮ ಎಣ್ಣೆಗೆ ಇಳಿಯೋದೂ ಇದೇ ಕಾರಣಕ್ಕೆ. ಇಲ್ಲಿ ಬಿಸಿ ಇಲ್ಲವಾದ್ದರಿಂದ ಹೊತ್ತು ಬೇಕು. ಹಾಗಾಗಿ ಎಲ್ಲಕ್ಕಿಂತ ಮೊದಲು ಒರೆಗಾನೊವನ್ನು ಎಣ್ಣೆಯಲ್ಲಿ ನೆನೆಯಲು ಬಿಟ್ಟು, ಆಮೇಲೆ ಟೊಮ್ಯಾಟೊ ಹೆಚ್ಚೋಕೆ ಕೂತುಕೊಳ್ಳಿ.

ಮೇಯನೇಸ್? ಇಟಾಲಿಯನ್ ಹೋಗಿಗೆ ಮೇಯೋ ಕೇಳಿದರೆ ಕೆಲವು ಹಳೆಯ ಅಂಗಡಿಗಳಲ್ಲಿ ಒಂದು ಥರ ನೋಡುತ್ತಾರೆ. ಹಾಕಿಕೊಳ್ಳುವವರೂ ಬೇಕಾದಷ್ಟು ಜನ ಇದ್ದಾರೆ. ನಾನು ಹಾಕೋದಿಲ್ಲ, ಆದರೆ ಜಗಳಕ್ಕೂ ಬರೋದಿಲ್ಲ.

ಜೋಡಿಸುವ ಕ್ರಮಕ್ಕೆ ಬರೋಣ, ನನ್ನ ಮೊದಲ ಹೋಗಿ ಕೆಟ್ಟದ್ದು ಇಲ್ಲೇ. ಎಣ್ಣೆಯನ್ನು ನೇರ ಬ್ರೆಡ್ಡಿನ ಮೇಲೆ ಸುರಿದಿದ್ದೆ, ಟೊಮ್ಯಾಟೊವನ್ನು ತಳದಲ್ಲಿಟ್ಟಿದ್ದೆ. ಸರಿಯಾದ ಕ್ರಮದಲ್ಲಿ ಬ್ರೆಡ್ಡಿಗೆ ಮೊದಲು ತಾಗಬೇಕಾದದ್ದು ಚೀಸ್. ರೋಲ್ ಬಿಡಿಸಿ, ಎರಡೂ ಬದಿಗೆ ಪ್ರೊವೊಲೋನ್ ಹೋಳುಗಳನ್ನು ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೊಂದು ಬರುವಂತೆ ಹಾಸಿ. ಚೀಸಿನ ಕೊಬ್ಬು ನೀರನ್ನು ಸುಲಭಕ್ಕೆ ಒಳಬಿಡೋದಿಲ್ಲ. ಅದರ ಮೇಲೆ ಮಾರ್ಟಡೆಲ್ಲಾ, ಆಮೇಲೆ ಕ್ಯಾಪಿಕೋಲಾ, ಕೊನೆಗೆ ಸಲಾಮಿ. ಹೋಳುಗಳನ್ನು ಚಪ್ಪಟೆಯಾಗಿ ಒಟ್ಟಬೇಡಿ, ಕರವಸ್ತ್ರ ಎತ್ತಿ ಬಿಟ್ಟ ಹಾಗೆ ಸುಕ್ಕುಸುಕ್ಕಾಗಿ ಇಡಿ. ನಡುವೆ ಗಾಳಿ ಇದ್ದರೆ ಕಚ್ಚೋದು ಹಗುರ. ಮಾಂಸ ಎರಡೂ ಗೋಡೆಗೆ ಆತುಕೊಂಡು ನಡುವೆ ಒಂದು ಕಾಲುವೆ ಉಳಿಯಬೇಕು. ಟೊಮ್ಯಾಟೊ, ಈರುಳ್ಳಿ, ಲೆಟಸ್ ಆ ಕಾಲುವೆಗೆ. ಹೀಗಾದರೆ ನೀರು ಬಿಡುವ ಎಲ್ಲವೂ ಚೀಸ್-ಮಾಂಸದ ಎರಡು ಗೋಡೆಗಳ ಒಳಗೆ ಬಂದಿ.

ಎಣ್ಣೆ-ವಿನೆಗರ್ ಬೀಳಬೇಕಾದದ್ದೂ ತರಕಾರಿಯ ಮೇಲೆ. ಅರ್ಧಕ್ಕಿಂತ ಜಾಸ್ತಿ ಲೆಟಸ್‌ಗೆ ಹಾಕಿ, ಕರಿಮೆಣಸು ಪುಡಿ, ಸ್ವಲ್ಪವೇ ಉಪ್ಪು. ಮಾಂಸದಲ್ಲೂ ಟೊಮ್ಯಾಟೊದಲ್ಲೂ ಆಗಲೇ ಉಪ್ಪಿದೆ ಅನ್ನೋದು ನೆನಪಿರಲಿ. ಖಾರಕ್ಕೆ ವಿನೆಗರ್‌ನಲ್ಲಿ ನೆನೆಸಿದ ಚೆರಿ ಪೆಪ್ಪರ್ ಅಥವಾ ಬನಾನಾ ಪೆಪ್ಪರ್ ಬಾಟಲಿಯಲ್ಲಿ ಸಿಗುತ್ತದೆ, ನೀರು ಬಸಿದು ಹಾಕಿ. ಒಂದು ಸಲ ಮನೆಯ ಮೆಣಸಿನಕಾಯಿ ಉಪ್ಪಿನಕಾಯಿ ಹಾಕಿ ನೋಡಿದೆ. ಸಾಸಿವೆ ಇಂಗು ಮಿಕ್ಕಿದ್ದನ್ನೆಲ್ಲ ನುಂಗಿಹಾಕಿದವು. ಅದನ್ನು ಮೊಸರನ್ನಕ್ಕೇ ಬಿಡೋಣ.

ಮುಚ್ಚುವಾಗ ಚಾಕುವಿನ ಬೆನ್ನಿನಿಂದ ಲೆಟಸ್ಸನ್ನು ಒಳಗೆ ಒತ್ತಿ, ರೋಲನ್ನು ಮಡಚಿ, ಬೇಕಿಂಗ್ ಪೇಪರ್‌ನಲ್ಲಿ ಬಿಗಿಯಾಗಿ ಸುತ್ತಿ. ಸುತ್ತೋದನ್ನು ನಾನು ಮೊದಲು ಪಾರ್ಸಲ್‌ಗಾಗಿ ಅಂದುಕೊಂಡಿದ್ದೆ. ಸುತ್ತಿ ಹತ್ತು ಹದಿನೈದು ನಿಮಿಷ ಇಟ್ಟರೆ ಪದರಗಳೆಲ್ಲ ಒಂದಕ್ಕೊಂದು ಒತ್ತಿ ಕೂರುತ್ತವೆ, ಒರೆಗಾನೊ ಎಣ್ಣೆ ಒಳಗೆಲ್ಲ ಹರಡುತ್ತದೆ, ಬ್ರೆಡ್ಡಿನ ಒಳಮೈ ಸ್ವಲ್ಪ ಹೀರುತ್ತದೆ. ಸ್ವಲ್ಪ ನೆನೆಯಲೇಬೇಕು, ಮುದ್ದೆಯಾಗಬಾರದು ಅಷ್ಟೇ. ಆಮೇಲೆ ಕಾಗದದ ಸಮೇತ ನಡುವಿಗೆ ಕತ್ತರಿಸಿ, ಕಾಗದ ಸುಲಿಯುತ್ತಾ ತಿನ್ನಿ.

ಮಾಂಸ ತಿನ್ನದವರು ಇಷ್ಟು ಹೊತ್ತು ಓದಿದ್ದರೆ, ನಿಮಗೂ ದಾರಿಯಿದೆ. ನನ್ನ ಹೆಂಡತಿ ಸಸ್ಯಾಹಾರಿ, ಹಾಗಾಗಿ ಈ ಭಾಗದಲ್ಲಿ ಪ್ರಯೋಗ ಜಾಸ್ತಿ ನಡೆದಿದೆ. ಮಾಂಸ ತೆಗೆದು ಉಳಿದದ್ದನ್ನು ಹಾಗೇ ಇಟ್ಟರೆ ಬ್ರೆಡ್ಡಿನಲ್ಲಿ ಸಲಾಡ್ ತಿಂದ ಹಾಗಾಗುತ್ತದೆ. ಮಾಂಸ ಕೊಡುತ್ತಿದ್ದದ್ದು ನಾಲ್ಕು: ಉಪ್ಪು, ಹುಳಿ, ಕೊಬ್ಬು, ಜಗಿಯೋಕೆ ಒಂದು ಹಿಡಿತ. ನಾಲ್ಕನ್ನೂ ಬೇರೆ ಕಡೆಯಿಂದ ತರಬೇಕು. ಬದನೆಕಾಯಿಯನ್ನು ಉದ್ದುದ್ದ ತೆಳ್ಳಗೆ ಕೊಯ್ದು, ಉಪ್ಪು ಹಾಕಿ ನೀರು ತೆಗೆದು, ಎಣ್ಣೆಯಲ್ಲಿ ಕೆಂಪಗೆ ಹುರಿದರೆ ಕೊಬ್ಬೂ ಹಿಡಿತವೂ ಬಂತು. ಬಾಟಲಿಯ ಆರ್ಟಿಚೋಕ್ (ತರಕಾರಿಯಾಗಿ ತಿನ್ನುವ ಒಂದು ಹೂಮೊಗ್ಗು), ಹಸಿರು ಆಲಿವ್ ಚೂರುಗಳಿಂದ ಉಪ್ಪು ಹುಳಿ. ಸುಟ್ಟ ಕೆಂಪು ದೊಣ್ಣೆಮೆಣಸಿನಕಾಯಿಯಿಂದ ಸಿಹಿ. ಇಲ್ಲಿ ಚೀಸ್ ಮಾತ್ರ ಶಾರ್ಪೇ ಆಗಿರಬೇಕು, ಎಳೆಯದು ಸಾಲದು. ಒಂದು ಎಚ್ಚರಿಕೆ. ಸಾಂಪ್ರದಾಯಿಕ ಪ್ರೊವೊಲೋನ್‌ನಲ್ಲಿ ಹಾಲು ಒಡೆಸಲು ಕರು ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಲೇಬಲ್ಲಿನಲ್ಲಿ ಮೈಕ್ರೋಬಿಯಲ್ ಅಥವಾ ವೆಜಿಟಬಲ್ ರೆನೆಟ್ ಅಂತ ಇದ್ದರೆ ಧೈರ್ಯವಾಗಿ ತಗೊಳ್ಳಿ. ಬರೀ ಎನ್‌ಜೈಮ್ಸ್ ಅಂತಿದ್ದರೆ ಯಾವ ಮೂಲದ್ದು ಅಂತ ತಿಳಿಯೋದಿಲ್ಲ.

ಕೌಂಟರ್‌ನಲ್ಲಿ ಕತ್ತರಿಸಿದ ಮಾಂಸ ಫ್ರಿಜ್ಜಿನಲ್ಲಿ ಮೂರರಿಂದ ಐದು ದಿನ ಇರುತ್ತದೆ, ಅದಕ್ಕಿಂತ ಜಾಸ್ತಿ ಇಡಬೇಡಿ. ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ಗರ್ಭಿಣಿಯರು, 65 ವರ್ಷ ಮತ್ತು ಮೇಲ್ಪಟ್ಟವರು ಇಂಥ ಮಾಂಸವನ್ನು ಹೊಗೆಯಾಡುವಷ್ಟು ಬಿಸಿ ಮಾಡದೆ ತಿನ್ನಬಾರದು. ಅಲ್ಲಿಗೆ ಅದು ಹೋಗಿಯಾಗಿ ಉಳಿಯೋದಿಲ್ಲ, ಅಂಥವರಿಗೆ ಬದನೆಕಾಯಿಯದೇ ವಾಸಿ.

ಮಾರನೆಯ ದಿನದ ಡಬ್ಬಿಗೆ ಕಟ್ಟೋದಾದರೆ ಚೀಸು, ಮಾಂಸ ಮಾತ್ರ ಬ್ರೆಡ್ಡಿಗೆ ಹಾಕಿ ಸುತ್ತಿ ಫ್ರಿಜ್ಜಿನಲ್ಲಿಡಿ. ಒಂದು ರಾತ್ರಿಗೆ ಬ್ರೆಡ್ ಸ್ವಲ್ಪ ಬಿಗಿಯಾಗುತ್ತದೆ, ಸಹಿಸಿಕೊಳ್ಳಬಹುದು. ತರಕಾರಿ ಒಂದು ಡಬ್ಬಿಯಲ್ಲಿ, ಎಣ್ಣೆ-ವಿನೆಗರ್ ಒಂದು ಪುಟ್ಟ ಬಾಟಲಿಯಲ್ಲಿ. ಆ ಬಾಟಲಿಯ ಮುಚ್ಚಳ ಎರಡು ಸಲ ನೋಡಿಕೊಳ್ಳಿ. ನನ್ನ ಲ್ಯಾಪ್‌ಟಾಪ್ ಬ್ಯಾಗಿನಿಂದ ಈಗಲೂ ಒರೆಗಾನೊ ವಾಸನೆ ಬರುತ್ತದೆ.